ಮಗ್ಗ ನಿಲ್ಲಿಸಿ ಕೇಳಿದ ಓಣಿ

ಜಮಖಂಡಿಯಲ್ಲಿ ಅಚ್ಚಾಗುತ್ತಿದ್ದ ನನ್ನ ವಾರಪತ್ರಿಕೆಗೆ ನಾಲ್ಕೇ ಪುಟ. ಬನಹಟ್ಟಿ ಕಡೆಯ ನಮ್ಮ ಸಣ್ಣ ಊರಿನ ಸುದ್ದಿಯೇ ಅದರ ಜೀವಾಳ. ನೇಕಾರರ ಓಣಿಯ ನಳದಲ್ಲಿ ಚರಂಡಿ ನೀರು ಬೆರೆತು ಬರುತ್ತಿದೆ, ಮಕ್ಕಳು ಕಾಯಿಲೆ ಬೀಳುತ್ತಿದ್ದಾರೆ ಎಂದು ಬರೆದ ಮೇಲೆ ಪಟ್ಟಣ ಪಂಚಾಯಿತಿಯ ಅಧ್ಯಕ್ಷರು ನನ್ನನ್ನು ಕರೆಸಿದರು.

"ಇನ್ನೊಮ್ಮಿ ಬರದ್ರ ಛಲೋ ಇರಾಂಗಿಲ್ಲ ನೋಡ್ರಿ," ಎಂದರು, ಚಹಾ ಕುಡಿಸುತ್ತಲೇ.

ಮುಂದಿನ ವಾರ ಮತ್ತೆ ಬರೆದೆ. ಜಾಹೀರಾತು ನಿಂತವು. ಶಾಂತಿಭಂಗದ ದೂರು ಬಂದಿದೆ ಎಂದು ಠಾಣೆಗೆ ಕರೆದು, ದಿನವಿಡೀ ಬೆಂಚಿನ ಮೇಲೆ ಕೂಡಿಸಿ, ಏನೂ ಕೇಳದೆ ಕಳಿಸಿದರು. ಕೊನೆಗೆ ಅಚ್ಚು ಹಾಕುವವರೇ "ನಮಗ್ಯಾಕ್ರೀ ಈ ಉಸಾಬರಿ" ಎಂದು ಹಿಂದೆ ಸರಿದರು.

ಪತ್ರಿಕೆ ಇಲ್ಲದಿದ್ದರೇನು, ಬಾಯಿ ಇತ್ತು. ಓಣಿಯ ಕಟ್ಟೆಯ ಮೇಲೆ ನಿಂತು, ಬರೆದದ್ದನ್ನು ಓದತೊಡಗಿದೆ. ಪವರ್‌ಲೂಮಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಎದುರು ಮನೆಯ ಅಜ್ಜಿ ಒಳಗೆ ಹೋಗಿ ಮಗ್ಗ ಬಂದ್ ಮಾಡಿಸಿದಳು. ಪಕ್ಕದ ಮನೆಯದೂ ನಿಂತಿತು, ಅದರಾಚೆಯದೂ. ಮಗ್ಗ ನಿಂತರೆ ಆ ಹೊತ್ತಿನ ಕೂಲಿಯೂ ಇಲ್ಲ. ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದೆ. ಪೂರ್ತಿ ಓದಿದೆ.

ಓದು ಮುಗಿದ ಮೇಲೆ ಅಜ್ಜಿ ಹತ್ತಿರ ಬಂದಳು.

"ಹೊರಗ ನಿಂತು ಎಷ್ಟಂತ ಒದರ್ತಿ ಯವ್ವಾ? ಪಂಚಾಯ್ತಿ ಇಲೆಕ್ಷನ್ ಬಂದೈತಿ. ನೀನ ನಿಂದ್ರು."

"ನನಗ ರಾಜಕೀಯ ಬರಾಂಗಿಲ್ಲ, ಆಯಿ."

"ಅದಕ್ಕ ನಿಂದ್ರು ಅನ್ನಾಕತ್ತೇನಿ."

ಯಾವ ಪಕ್ಷವೂ ಇಲ್ಲದೆ ನಿಂತೆ. ಓಣಿಯ ಹೆಂಗಸರೇ ಮನೆಮನೆ ತಿರುಗಿದರು. ತೇರದಾಳದಿಂದ ತವರಿಗೆ ಬಂದಿದ್ದವಳೊಬ್ಬಳಂತೂ ಮತದಾನ ಮುಗಿಯುವ ತನಕ ಗಂಡನ ಮನೆಗೇ ಹೋಗಲಿಲ್ಲ. ಎಣಿಕೆಯ ದಿನ ಅಧಿಕಾರಿ ನನ್ನ ಹೆಸರು ಓದಿದಾಗ ಹೊರಗೆ ಗುಲಾಲು ಹಾರಿತು. ನನ್ನ ತಿಳಿನೀಲಿ ಸೀರೆಯ ಬಣ್ಣ ಗುರುತು ಸಿಗದಂತಾಯಿತು. ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಮೊದಲ ಸಭೆಯಲ್ಲೇ ನಳದ ಮಾತೆತ್ತಿ, ಹೊಸ ಪೈಪಿಗೆ ಮತ ಕೇಳಿ ಕೈ ಎತ್ತಿದೆ. ಹಳೆಯ ಸದಸ್ಯರೊಬ್ಬರು, "ನೀವು ಈಗ ಪತ್ರಕರ್ತರಲ್ರಿ, ಮೆಂಬರ್ ಅದೀರಿ," ಎಂದರು.

"ಹೌದ್ರಿ. ಅದಕ್ಕ ಬರಿಯೂದು ಬಿಟ್ಟು ಕೈ ಎತ್ತೇನಿ," ಎಂದೆ.

ಒಂದೊಂದಾಗಿ ಬೇರೆ ಕೈಗಳೂ ಎದ್ದವು. ಮಳೆಗಾಲಕ್ಕೆ ಮೊದಲೇ ಹೊಸ ಪೈಪು ಬಿತ್ತು, ಓಣಿಗೆ ತಿಳಿನೀರು ಬಂತು.

ವಾರಪತ್ರಿಕೆ ಈಗ ಬೇರೆ ಕಡೆ ಅಚ್ಚಾಗಿ ಮತ್ತೆ ಹೊರಡುತ್ತಿದೆ. ಮುಧೋಳದ ಹುಡುಗಿಯೊಬ್ಬಳು ಅದರ ಸಂಪಾದಕಿ. ಮೊನ್ನೆ ಬೀದಿದೀಪದ ವಿಷಯದಲ್ಲಿ ಮುಖಪುಟದಲ್ಲೇ ನನ್ನನ್ನು ಝಾಡಿಸಿದ್ದಳು. ಫೋನು ಮಾಡಿದೆ.

"ಸಿಟ್ಟಿಗೆದ್ರೇನ್ರಿ ಅಕ್ಕಾರ?" ದನಿಯಲ್ಲಿ ತುಸು ಅಳುಕಿತ್ತು.

"ಇಲ್ಲವ್ವಾ. ಹಿಂದಿನ ಓಣ್ಯಾಗೂ ದೀಪ ಹೋಗ್ಯಾವು. ಅದನ್ನೂ ಬರಿ."