ಕೊನೆಯ ಸ್ಥಾನದ ಅಭಿಮಾನಿ

ಬಿಳಿಗೆರೆಯ ತೆಂಗು ಬೆಳೆಗಾರ ರೇಣುಕಪ್ರಸಾದ್ ಇಂಗ್ಲೆಂಡಿನ ಒಂದು ಫುಟ್‌ಬಾಲ್ ತಂಡದ ಅಭಿಮಾನಿ. ತಂಡದ ಹೆಸರು ಹೇಳಿದರೆ ನೀವೂ ನಗುತ್ತೀರಿ, ಅದಕ್ಕೇ ಹೇಳುವುದಿಲ್ಲ. ಅವನ ತಿಪಟೂರು ಗೆಳೆಯರೆಲ್ಲ ಕಪ್ ಗೆಲ್ಲುವ ತಂಡಗಳನ್ನು ಹಿಡಿದುಕೊಂಡಿದ್ದರೆ, ಇವನು ಮಾತ್ರ ಪ್ರತಿವರ್ಷ ಕೆಳಗಿನ ಲೀಗಿಗೆ ಬೀಳುವ ಅಂಚಿನಲ್ಲಿ ಒದ್ದಾಡುವವರನ್ನು ಹಿಡಿದಿದ್ದ. ಗೆಲ್ಲುವವರ ಹಿಂದೆ ಯಾರು ಬೇಕಾದರೂ ಹೋಗುತ್ತಾರೆ ಎಂಬುದು ಅವನ ವಾದ. ವಾದವೇನೋ ಸರಿ, ಎದೆ ಕೇಳಬೇಕಲ್ಲ.

ಕಳೆದ ಚಳಿಗಾಲದಲ್ಲಿ ಪಂದ್ಯವೊಂದು ಇನ್ನೇನು ಮುಗಿಯಿತು ಎನ್ನುವಾಗ ತಂಡ ಗೋಲು ಬಿಟ್ಟುಕೊಟ್ಟಿತು. ರೇಣುಕ ಎದೆ ಹಿಡಿದುಕೊಂಡು ಕುಸಿದ. ಹಾಸನದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ, ಉದ್ವೇಗ ಬೇಡ ಎಂದು ಹೇಳಿ ಕಳಿಸಿದರು. ಹೆಂಡತಿ ದಾನೇಶ್ವರಿ ಅಂದೇ ಟಿವಿಯಲ್ಲಿ ಫುಟ್‌ಬಾಲ್ ನೋಡುವುದನ್ನು ನಿಲ್ಲಿಸಿದಳು.

ಆಗಸ್ಟ್ ಬಂತು. ಹೊಸ ಸೀಸನ್ನಿನ ಹೊತ್ತಿಗೆ ಅವನು ಹಟ ಹಿಡಿದು ಕೇಳಿದ. ಅವಳೊಂದು ಷರತ್ತು ಹಾಕಿದಳು.

"ಕೋಟು ಹಾಕ್ಕಂಡೋರು ಕೂತ್ಕಂಡು ಈ ವರ್ಷ ಯಾರ್‍ಯಾರು ಎಷ್ಟನೇ ಸ್ಥಾನ ಅಂತ ಹೇಳ್ತಾರಲ್ಲ, ಅದನ್ನ ನಾನೂ ನೋಡ್ತೀನಿ. ನಿಮ್ ಟೀಮು ನೆಮ್ಮದಿಯಾಗಿ ಮಧ್ಯದಲ್ಲಿರುತ್ತೆ ಅಂದ್ರೆ ನೋಡ್ಕಳಿ. ಒದ್ದಾಡುತ್ತೆ ಅಂದ್ರೆ ಟಿವಿ ಬಂದ್."

ಕಾರ್ಯಕ್ರಮದ ಸಂಜೆ ಬೆಳ್ಳುಳ್ಳಿ ಬಿಡಿಸುತ್ತಾ ಪಕ್ಕದಲ್ಲೇ ಕೂತಳು. ಅವಳಿಗೆ ಇಂಗ್ಲಿಷ್ ಬಾರದು. ಇವನಿಗೆ ಬಂದದ್ದೂ ಕಾಮೆಂಟರಿ ಕೇಳಿ ಕೇಳಿಯೇ. ಮೊದಲ ಪಂಡಿತ ಇವನ ತಂಡವನ್ನು ಕಟ್ಟಕಡೆಗೆ ಹಾಕಿದ.

"ಏನಂದ?"

"ಮಧ್ಯದಲ್ಲಿರ್ತಾರಂತೆ ಕಣೇ."

ಎರಡನೆಯವನೂ ಕೊನೆ ಎಂದ. "ಗೋಲ್‌ಕೀಪರ್ ಬಲೇ ಗಟ್ಟಿಗನಂತೆ," ಎಂದು ರೇಣುಕ ಕನ್ನಡಕ್ಕಿಳಿಸಿದ. ಐದನೆಯವನಂತೂ ತಂಡದ ಹೆಸರು ಹೇಳುವಾಗಲೇ ನಕ್ಕುಬಿಟ್ಟ. ರೇಣುಕನಿಗೆ ಮೈಯೆಲ್ಲ ಉರಿಯಿತು. ಇನ್ನೂ ಒಂದು ಪಂದ್ಯ ಆಡಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು, ಹಾಕಿದ ದಿನವೇ ಯಾರಾದರೂ ಕೊಳೆತಿದೆ ಎನ್ನುತ್ತಾರೆಯೇ? ಇದನ್ನೆಲ್ಲ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹಲ್ಲು ಕಚ್ಚಿಕೊಂಡು, ಮುಖದ ಮೇಲೊಂದು ನಗು ತಂದುಕೊಂಡು ಕೂತ.

ಬೆಳಿಗ್ಗೆ ಗೆಳೆಯ ದಯಾನಂದ್ ಬೈಕಿನಲ್ಲಿ ಬಂದಿಳಿದ. ಅವನದು ಚಾಂಪಿಯನ್ ತಂಡ, ಕಾಲೆಳೆಯದೆ ತಿಂದದ್ದು ಅರಗುವುದಿಲ್ಲ. ದಾನೇಶ್ವರಿ ಕಾಫಿ ತರುತ್ತಿದ್ದಳು.

"ಏನ್ಲಾ ರೇಣುಕ, ಐದು ಜನಾನೂ ನಿನ್ ಟೀಮೇ ಲಾಸ್ಟು ಅಂದ್ರಂತಲ್ಲಾ."

ರೇಣುಕ ತಲೆ ತಗ್ಗಿಸಿದ. ಎಲ್ಲೋ ಎಡವಟ್ಟಾಯಿತೆಂದು ದಯಾನಂದನಿಗೆ ಹೊಳೆದು, ಬಿಸಿ ಕಾಫಿಯನ್ನು ಗಟಗಟ ಕುಡಿದು ಬೈಕ್ ಹತ್ತಿದ.

"ಸುಳ್ಳು ಹೇಳ್ದೆ ಕಣೇ," ಎಂದ ರೇಣುಕ.

"ಗೊತ್ತು ಬುಡಿ. ನಿಮ್ ಟೀಮಿನ ಬನೀನ್ ಮೇಲಿರೋ ಆ ಗುರುತನ್ನ ಎಷ್ಟು ವರ್ಷದಿಂದ ಒಗೀತಿದೀನಿ. ಐದು ಸಲಾನೂ ಟಿವೀಲಿ ತೋರ್ಸಿದ ಪಟ್ಟೀಲಿ ಅದು ಕೆಳಗಡೇನೇ ಇತ್ತು."

"ಮತ್ತೆ ನಿನ್ನೆ ಯಾಕೆ ಕೇಳ್ಲಿಲ್ಲ?"

ದಾನೇಶ್ವರಿ ಖಾಲಿ ಲೋಟ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು. "ಟಿವಿ ನಿಲ್ಲಿಸ್ದಾಗಿಂದ ನೀವು ಗೋಡೆ ನೋಡ್ಕಂಡು ಕೂತಿದ್ರಿ. ಇಟ್ರೆ ಉಂಡ್ರಿ, ಇಡದಿದ್ರೆ ಕೇಳ್ಲಿಲ್ಲ. ಜೀವ ಉಳಿಸ್ಕಂಡು ಮನುಷ್ಯನ್ನ ಕಳ್ಕಂಡ್ನೇನೋ ಅಂತ ಹೆದ್ರಿಕೆಯಾಗಿತ್ತು. ನಿನ್ನೆ ಅಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ರಲ್ಲ, ನಮ್ಮೆಜಮಾನ್ರು ವಾಪಸ್ ಬಂದ್ರು ಅನ್ನಿಸ್ತು."

ಎದೆ ಹಿಡಿದು ಬಿದ್ದಾಗಿನಿಂದ ತಾನೊಬ್ಬನೇ ಹೆದರಿಕೊಂಡು ಬದುಕುತ್ತಿದ್ದೇನೆ ಎಂದು ರೇಣುಕ ಅಂದುಕೊಂಡಿದ್ದ.

"ಮೊದಲ್ನೇ ಮ್ಯಾಚು ಯಾವತ್ತು?"

"ಶನಿವಾರ."

"ಮಾತ್ರೆ ತಗಂಡು ಕೂತ್ಕಬೇಕು. ನಾನೂ ಪಕ್ಕದಲ್ಲಿರ್ತೀನಿ."

ಈ ಸಲ ಅವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಸೋಲ್ತಾರೆ ಕಣೇ," ಎಂದ.

"ಸೋಲ್ಲಿ ಬುಡಿ," ಎಂದಳು ದಾನೇಶ್ವರಿ.