ಓಕ್‌ನಿಮ್ ಅನುಮಾನ ಪಡದ ಡಬ್ಬಿ

"ಬಾಯಿ ತೆಗೀರಿ."

"ಏನೇ ಇದು? ನಾನೇನು ಮಗುನಾ?"

"ತೆಗೀರಿ ಅಂದೆ. ಆ... ಅನ್ನಿ."

ಪನ್‌ಸೊಕ್ ಆ ಅಂದ. ಓಕ್‌ನಿಮ್ ಗಂಡನ ಬಾಯಿಯ ಹತ್ತಿರ ಮೂಗು ತಂದು ಎರಡು ಸಲ ಮೂಸಿದಳು. ಅಕ್ಕಿ ಹೆಂಡದ ಹುಳಿ ಇಲ್ಲ, ಪಕ್ಕದಂಗಡಿ ಕಪ್‌ಸುನ್ ಮಾಡುವ ಎಳ್ಳುಕಡುಬಿನ ಘಮ ಇಲ್ಲ. ಇದ್ದದ್ದು ಬರೀ ಸೋಯಾ ವಾಸನೆ, ಅದೂ ತನ್ನದೇ ಅಂಗಡಿಯದ್ದು. ಅವಳಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಏನನ್ನೂ ಮುಟ್ಟದ ಮನುಷ್ಯನ ರಕ್ತದಲ್ಲಿ ಇನ್ನೂರ ನಲವತ್ತೆಂಟು ಸಕ್ಕರೆ ಎಲ್ಲಿಂದ ಬಂತು?

"ಕಪ್‌ಸುನ್ ಏನಾದ್ರೂ ಕೊಟ್ಲಾ?"

"ಅವಳ ಕಡೆ ನೋಡೂ ಇಲ್ಲ ಕಣೇ. ನೋಡಿದ್ರೂ ಕಾಣಬೇಕಲ್ಲ!" ಎಂದು ಪನ್‌ಸೊಕ್ ತನ್ನ ಬಲಗಣ್ಣು ತೋರಿಸಿ ನಕ್ಕ. ಆ ಕಣ್ಣಿನ ಗುಡ್ಡೆಯ ಮೇಲೆ ಸೋಯಾ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ. ಅವಳಿಗೆ ನಗು ಬರಲಿಲ್ಲ.

ದಾಮ್ಯಾಂಗ್ ಪೇಟೆಯಲ್ಲಿ ಬಿದಿರಿನ ಪೆಟ್ಟಿಗೆ ಹೆಣೆಯುವವರು ಈಗ ಉಳಿದಿರುವುದೇ ಬೆರಳೆಣಿಕೆಯಷ್ಟು, ಅವರಲ್ಲಿ ಪನ್‌ಸೊಕ್ ಒಬ್ಬ. ಬಿದಿರಿನ ದಬ್ಬೆಯನ್ನು ಹಲ್ಲಲ್ಲಿ ಕಚ್ಚಿ, ಕಾಗದದಷ್ಟು ತೆಳ್ಳಗೆ ಸೀಳಿ, ಕೆಂಪು ಕಪ್ಪು ಬಣ್ಣ ಕಟ್ಟಿ ಹೆಣೆಯುವ ಕೆಲಸ ಅದು. ಕಣ್ಣು ಸ್ವಲ್ಪ ತಪ್ಪಿದರೂ ದಬ್ಬೆ ಬೆರಳಿಗೇ ಇಳಿಯುತ್ತದೆ. ಗ್ವಾಂಗ್ಜುವಿನ ಕಣ್ಣಿನ ಡಾಕ್ಟರು ಪೊರೆ ತೆಗೆಯುತ್ತೇನೆ ಅಂದಿದ್ದರು, ಆದರೆ ಒಂದು ಷರತ್ತು: ಊಟವಾಗಿ ಎರಡು ಗಂಟೆಗೆ ಸಕ್ಕರೆ ಇನ್ನೂರರ ಒಳಗೆ ಇರಬೇಕು. ವಸಂತದಲ್ಲಿ ಅರ್ಧ ಹೆಣೆದ ಪೆಟ್ಟಿಗೆಯೊಂದು ಅಂಗಡಿಯ ಮೂಲೆಯಲ್ಲಿ, ದಬ್ಬೆಗಳು ಕೆದರಿದ ಕೂದಲಿನ ಹಾಗೆ ನಿಂತು, ಇವತ್ತಿಗೂ ಕಾಯುತ್ತಾ ಕೂತಿದೆ. ಓಕ್‌ನಿಮ್ ಪ್ರತಿದಿನ ಬೆಳಿಗ್ಗೆ ಅದರ ಧೂಳು ಒರೆಸುತ್ತಾಳೆ. ಅವನಿಗೆ ಗೊತ್ತಾಗದ ಹಾಗೆ.

ಅನುಮಾನ ಅನ್ನುವುದು ಓಕ್‌ನಿಮ್‌ಗೆ ಮದುವೆಯ ದಿನದಿಂದಲೇ ಅಂಟಿಕೊಂಡದ್ದು. ಮದುವೆ ಕುದುರಿಸಿದ ಹೆಂಗಸು "ಹುಡುಗನದು ಹೆಂಚಿನ ಮನೆ" ಅಂದಿದ್ದಳು. ಬಂದು ನೋಡಿದರೆ ಹೆಂಚಿನ ಮನೆ ಪಕ್ಕದವರದ್ದು, ಹುಡುಗನದು ತಗಡಿನ ಮನೆ! ಹುಡುಗ ಮಾತ್ರ ಸುಳ್ಳಾಗಿರಲಿಲ್ಲ, ಅದಕ್ಕೇ ಉಳಿದಳು. ಆದರೆ ಅವತ್ತಿನಿಂದ ಬಾಯಿಮಾತಿಗೆ ಬೆಲೆ ಕೊಡುವುದನ್ನು ಬಿಟ್ಟಳು. ಮೂವತ್ತೊಂದು ವರ್ಷದಿಂದ ಪೇಟೆಯಲ್ಲಿ ಕೊಂಗುಕ್ಸು ಅಂಗಡಿ ನಡೆಸುತ್ತಿದ್ದಾಳೆ, ಬೇಯಿಸಿ ರುಬ್ಬಿದ ಸೋಯಾದ ತಣ್ಣನೆ ಹಾಲಿನಲ್ಲಿ ಶ್ಯಾವಿಗೆ. ಬೇಸಗೆ ಬಂತೆಂದರೆ ಬಾಗಿಲಾಚೆಗೂ ಸಾಲು. ಕಾಳು ಮಾರುವವನು ಮೂಟೆ ಬಿಚ್ಚಿದರೆ ಮೇಲಿನದ್ದು ನೋಡುವುದಿಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದ ಕಾಳು ತೆಗೆದು ಕಚ್ಚುತ್ತಾಳೆ. ಹೋದ ವರ್ಷದ್ದೋ ಈ ವರ್ಷದ್ದೋ ಹಲ್ಲಿಗೇ ಗೊತ್ತಾಗುತ್ತದೆ. ಕಡಿಮೆ ಬೆಂದರೆ ಹಸಿ ವಾಸನೆ, ಒಂದು ಕುದಿ ಜಾಸ್ತಿಯಾದರೆ ಮುಗ್ಗಲು ವಾಸನೆ, ಅದಕ್ಕೆ ಒಲೆಯನ್ನೂ ನಂಬುವುದಿಲ್ಲ, ಗಡಿಯಾರವನ್ನೂ ನಂಬುವುದಿಲ್ಲ, ಪಾತ್ರೆ ಮುಂದೆ ತಾನೇ ನಿಂತಿರುತ್ತಾಳೆ. ಆಮೇಲೆ ಮೇಜು ಒರೆಸಿ, ಡಬ್ಬಿಗಳನ್ನು ತುಂಬಿಟ್ಟು, ಬಾಗಿಲು ತೆಗೆಯುತ್ತಾಳೆ.

ಆರೋಗ್ಯ ಕೇಂದ್ರಕ್ಕೆ ವಸಂತದಲ್ಲಿ ಸೊರಾ ಅನ್ನುವ ಹೊಸ ನರ್ಸು ಬಂದಳು, ದೂರದ ಇಂಚನ್ ಕಡೆಯ ಹುಡುಗಿ. ಜೂನ್ ತಿಂಗಳಲ್ಲಿ ಪನ್‌ಸೊಕ್‌ನ ಬೆರಳು ಚುಚ್ಚಿ, "ಮಧ್ಯಾಹ್ನ ಅನ್ನ ಕಡಿಮೆ ಮಾಡಿ ಅಪ್ಪಾ, ಸೋಯಾದ್ದು ಏನಾದ್ರೂ ತಿನ್ನಿ. ತೋಫು, ಸೋಯಾ ಹಾಲು, ಯಾವುದಾದ್ರೂ ಸರಿ" ಅಂದಿದ್ದಳು.

"ಕೊಂಗುಕ್ಸು ನಡೆಯತ್ತಾ? ನನ್ನ ಹೆಂಡ್ತೀದು ಕೊಂಗುಕ್ಸು ಅಂಗಡಿ."

"ಅಯ್ಯೋ, ಅದೃಷ್ಟವಂತರು ನೀವು! ಶ್ಯಾವಿಗೆ ಸ್ವಲ್ಪ ಕಡಿಮೆ ಹಾಕ್ಕೊಳ್ಳಿ, ಸಾಕು."

ಅವತ್ತು ಓಕ್‌ನಿಮ್‌ಗೆ ಎಂಥಾ ಹೆಮ್ಮೆ! ತನ್ನ ಕೈಯ ಕಾಳೇ ಗಂಡನ ಕಣ್ಣಿಗೆ ದಾರಿ. ಅವತ್ತಿನಿಂದ ದಿನಾ ಮಧ್ಯಾಹ್ನ ಅವನಿಗೆ ಗಟ್ಟಿ ಹಾಲಿನ ಬಟ್ಟಲು, ಶ್ಯಾವಿಗೆ ಅರ್ಧವೇ. ಬುಧವಾರ ಬುಧವಾರ ಬೆರಳು ಚುಚ್ಚಿಸಿದರು. ಇನ್ನೂರ ಹತ್ತು. ಇನ್ನೂರ ಮೂವತ್ತೆರಡು. ಇನ್ನೂರ ನಲವತ್ತೆಂಟು! ಕೆಳಗೆ ಬರಬೇಕಾದದ್ದು ಮೆಟ್ಟಿಲು ಹತ್ತುತ್ತಿತ್ತು.

ಮೊದಲು ಅವಳು ಗಂಡನ ಬೆನ್ನು ಹತ್ತಿದಳು. ಸಂತೆಯ ದಿನ ಅಂಗಡಿಯನ್ನು ಕಪ್‌ಸುನ್‌ಗೆ ಒಪ್ಪಿಸಿ, ತಲೆಗೆ ಟವಲು ಸುತ್ತಿಕೊಂಡು, ಅವನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೋದಳು. ಅವನು ಬಿದಿರು ತೋಪಿನವರೆಗೆ ಹೋಗಿ, ಬೊಂಬೊಂದನ್ನು ಬೆರಳಲ್ಲಿ ಕುಟ್ಟಿ ಸದ್ದು ಕೇಳಿ, ಒಳ್ಳೆಯ ಬೊಂಬು ಅಂತ ತಲೆದೂಗಿ, ಬರಿಗೈಯಲ್ಲಿ ವಾಪಸ್ಸು ಬಂದ. ಅಷ್ಟೇ. ಓಕ್‌ನಿಮ್ ಟವಲು ಬಿಚ್ಚಿ, ಸಿಟ್ಟನ್ನು ಕಪ್‌ಸುನ್ ಮೇಲೆ ತೀರಿಸಿಕೊಂಡಳು.

"ನಿಜ ಹೇಳು, ನಮ್ಮವರಿಗೆ ಕಡುಬು ಕೊಡ್ತೀಯಾ?"

"ನಿನ್ನ ಗಂಡನಿಗೆ ಕೊಡೋಕೆ ನನಗೇನು ಹುಚ್ಚಾ? ಆರು ತಿಂಗಳಿಂದ ನನ್ನ ಅಂಗಡಿ ಮುಂದೆ ಉಸಿರು ಹಿಡ್ಕೊಂಡು ಓಡ್ತಾನೆ, ದೆವ್ವ ಕಂಡೋನ ಥರ!"

ಕಪ್‌ಸುನ್ ಆದಮೇಲೆ ಯಂತ್ರದ ಸರದಿ. ಆರೋಗ್ಯ ಕೇಂದ್ರಕ್ಕೆ ಹೋಗಿ ತನ್ನ ಬೆರಳನ್ನೇ ಮುಂದೆ ಮಾಡಿ, "ಮೊದಲು ನಂದು ನೋಡು" ಅಂದಳು. ತೊಂಬತ್ತಾರು ಬಂತು. ಇನ್ನೊಂದು ಬೆರಳು. ತೊಂಬತ್ತೆಂಟು. ಯಂತ್ರದಲ್ಲಿ ಕಳ್ಳತನವಿರಲಿಲ್ಲ.

"ಮಾತ್ರೆ ತಪ್ಪಿಸ್ತಿಲ್ಲ ತಾನೆ ಅಮ್ಮಾ?" ಎಂದು ಸೊರಾ ಕೇಳಿದಳು.

"ನಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತಿಸಿ ನೋಡ್ತೀನಿ."

"ಸಿಹಿ ಏನಾದ್ರೂ?"

"ಕಾಫಿಗೂ ಹಾಕಲ್ಲ. ನೋಡು ನರ್ಸಮ್ಮ, ನೀನು ಹೇಳಿದ್ದು ಅಂತ ಕೊಂಗುಕ್ಸು ಕೊಡ್ತಿದೀನಿ. ಕೊಟ್ಟಷ್ಟೂ ಏರ್ತಿದೆ. ನಿನ್ನ ಪುಸ್ತಕದಲ್ಲೇ ಏನೋ ತಪ್ಪಿದೆ."

ಸೊರಾಳ ಮುಖ ಸಣ್ಣದಾಯಿತು. ಓಕ್‌ನಿಮ್ ಮನೆಗೆ ಬಂದು, ನೆನೆಹಾಕಿದ ಕಾಳಿನ ಮುಂದೆ ಕೂತಳು. ಮೂವತ್ತೊಂದು ವರ್ಷ ಅನ್ನ ಹಾಕಿದ ಕಾಳು. ಒಂದನ್ನು ಎತ್ತಿ ಸಿಪ್ಪೆ ಸುಲಿದು, ಬೆಳಕಿಗೆ ಹಿಡಿದು ದಿಟ್ಟಿಸಿದಳು. "ನೀನೇನಾ?"

ಮಾರನೇ ದಿನ ಮಧ್ಯಾಹ್ನ ಸೊರಾ ಅಂಗಡಿಗೇ ಬಂದಳು. ಪುಸ್ತಕ ತಪ್ಪಾ ಅಂತ ಅವಳಿಗೂ ನಿದ್ದೆ ಹತ್ತಿರಲಿಲ್ಲವಂತೆ. "ಅಪ್ಪ ತಿನ್ನೋದನ್ನೇ ನನಗೂ ಕೊಡಿ, ನೋಡೋಣ" ಎಂದು ಪನ್‌ಸೊಕ್‌ನ ಎದುರಿಗೆ ಕೂತಳು. ಎರಡು ಬಟ್ಟಲು ಬಂದವು. ಮೇಲೆ ಸೌತೆಕಾಯಿ ಎಳೆ, ಎರಡು ತುಂಡು ಐಸು. ಸೊರಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಅಬ್ಬಾ, ಅಮ್ಮಾ! ಇಷ್ಟು ಗಟ್ಟಿ ಹಾಲು ನಾನು ಕುಡಿದೇ ಇಲ್ಲ. ಸ್ವಲ್ಪ ಉಪ್ಪು ಕೊಡ್ತೀರಾ?"

ಅಂಗಡಿಯಲ್ಲಿ ಶ್ಯಾವಿಗೆ ಎಳೆಯುವ ಸದ್ದೆಲ್ಲ ನಿಂತಿತು.

"ಉಪ್ಪಾ?" ಅಂದಳು ಓಕ್‌ನಿಮ್.

"ಹೂಂ, ಉಪ್ಪು."

"ಕೊಂಗುಕ್ಸುಗೆ?"

ಹಿಂದಿನ ಮೇಜಿನಿಂದ ಯಾರೋ, "ಚಿಕ್ಕಮ್ಮಾ, ಪಾಪ ಆ ಮಗೂಗೆ ಬಿಸಿಲು ಹೊಡೆದಿದೆ, ನೀರು ಕೊಡಿ ಮೊದಲು" ಅಂದರು. ಎಲ್ಲರೂ ನಕ್ಕರು. ಓಕ್‌ನಿಮ್ ಮಾತ್ರ ನಗದೆ ಈ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಕೊಂಗುಕ್ಸುಗೆ ಉಪ್ಪು ಹಾಕುವವಳ ಮಾತು ಕೇಳಿ ಗಂಡನಿಗೆ ಪಥ್ಯ ಮಾಡಿಸಿದೆನಾ! ಆದರೂ ಅಡುಗೆಮನೆಯಿಂದ ಉಪ್ಪಿನ ಬಟ್ಟಲು ತಂದು ಕುಕ್ಕಿದಳು.

ಅಷ್ಟರಲ್ಲಿ ಪನ್‌ಸೊಕ್ ಮೇಜಿನ ಮೇಲಿನ ಡಬ್ಬಿಯ ಮುಚ್ಚಳ ತೆಗೆದ. ತುಂಬಿದ ಒಂದು ಚಮಚ ಬಟ್ಟಲಿಗೆ ಸುರಿದ. ಇನ್ನೊಂದು. ಮತ್ತೊಂದು. ಕದಡಿದ. ಮುಚ್ಚುಮರೆ ಏನಿಲ್ಲ, ನರ್ಸಿನ ಎದುರಿಗೇ, ಹೆಂಡತಿಯ ಎದುರಿಗೇ.

"ಅಪ್ಪಾ," ಸೊರಾಳ ಚಾಪ್‌ಸ್ಟಿಕ್ ಗಾಳಿಯಲ್ಲೇ ನಿಂತಿತು, "ಅದೇನದು?"

"ಯಾವುದು?"

"ಈಗ ಹಾಕಿದ್ರಲ್ಲ ಮೂರು ಚಮಚ!"

"ಸಕ್ಕರೆ."

"ಸಿಹಿ ತಿಂತೀರಾ ಅಂತ ಎಷ್ಟು ಸಲ ಕೇಳಿದೆ! ಇಲ್ಲ ಅಂದ್ರಿ!"

"ಎಲ್ಲಿ ತಿಂದೆ?" ಪನ್‌ಸೊಕ್‌ಗೆ ನಿಜವಾಗಿಯೂ ನೋವಾಗಿತ್ತು. "ಕಾಫಿ ಬಿಟ್ಟೆ. ಕಡುಬು ಬಿಟ್ಟೆ. ಇದು ಸಿಹಿ ಅಲ್ಲ ನರ್ಸಮ್ಮ, ಇದು ಕೊಂಗುಕ್ಸು."

"ನಮ್ಮ ಕಡೆ ಉಪ್ಪು ಹಾಕ್ತಾರೆ ಅಪ್ಪಾ, ಬರೀ ಉಪ್ಪು! ಇಲ್ಲಿ ಸಕ್ಕರೆ ಹಾಕ್ತೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ!"

ಓಕ್‌ನಿಮ್ ಮೇಜಿನ ಅಂಚು ಹಿಡಿದುಕೊಂಡಳು. ಮೂವತ್ತೊಂದು ವರ್ಷ ಪ್ರತಿದಿನ ಬೆಳಿಗ್ಗೆ ತಾನೇ ತುಂಬಿಸಿದ ಡಬ್ಬಿ. ಗಂಡನನ್ನು ಅನುಮಾನಿಸಿದಳು, ಗೆಳತಿಯನ್ನು, ಯಂತ್ರವನ್ನು, ಪುಸ್ತಕವನ್ನು, ಕೊನೆಗೆ ಕಾಳನ್ನೂ ಬಿಡಲಿಲ್ಲ. ಈ ಡಬ್ಬಿಯ ಮೇಲೆ ಮಾತ್ರ ಒಂದು ಸಲವೂ ಕಣ್ಣು ಬಿದ್ದಿರಲಿಲ್ಲ.

"ಹಾಗಾದ್ರೆ ಕಾಳಿಂದು ತಪ್ಪಿಲ್ವಾ?" ಅವಳ ಧ್ವನಿ ಇಳಿದಿತ್ತು.

"ಕಾಳೇನು ಮಾಡ್ತಮ್ಮಾ! ಸೋಯಾದಲ್ಲಿ ಪ್ರೋಟೀನ್ ಜಾಸ್ತಿ, ನಾರಿದೆ, ಹೊಟ್ಟೇಲಿ ನಿಧಾನಕ್ಕೆ ಕರಗತ್ತೆ. ಅನ್ನದ ಬದಲು ತಿಂದ್ರೆ ಸಕ್ಕರೆ ಅಷ್ಟು ಬೇಗ ಏರಲ್ಲ. ಆದ್ರೆ ಅದು ಔಷಧಿ ಅಲ್ಲ, ಮಾತ್ರೆ ಬಿಡೋ ಹಾಗಿಲ್ಲ. ಮೇಲೆ ಮೂರು ಚಮಚ ಸುರಿದ್ರೆ ಪಾಪ ಕಾಳಾದ್ರೂ ಏನು ಮಾಡತ್ತೆ? ಸೋಸಿದ ಮೇಲೆ ಹಿಂಡಿ ಉಳಿಯತ್ತಲ್ಲ, ಅದನ್ನೇನು ಮಾಡ್ತೀರಿ?"

"ಹಂದಿ ಸಾಕೋರಿಗೆ ಕೊಡ್ತೀನಿ."

"ನಾರೆಲ್ಲ ಇರೋದೇ ಅದರಲ್ಲಿ! ಹಂದಿಗಳ ಸಕ್ಕರೆ ಚೆನ್ನಾಗಿರಬೇಕು!"

ಓಕ್‌ನಿಮ್ ಗಂಡನ ಬಟ್ಟಲು ಕಿತ್ತುಕೊಂಡು ಹೊಸದು ತಂದಳು, ತಾನೇ ಒಂದು ಚಿಟಿಕೆ ಉಪ್ಪು ಹಾಕಿ ಕದಡಿ ಮುಂದಿಟ್ಟಳು. ಪನ್‌ಸೊಕ್ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಸಮುದ್ರಕ್ಕೆ ಬಿದ್ದ ಹಾಗಿದೆ ಕಣೇ."

"ಬಿದ್ದೋರು ಈಜಿ."

ಅವತ್ತಿನಿಂದ ರಾತ್ರಿಯೂಟಕ್ಕೆ ಹಿಂಡಿಯ ಸಾರು, ಅಣಬೆ ಹಾಕಿ ಕುದಿಸಿದ್ದು. ಅವನ ಮೇಜಿನಿಂದ ಡಬ್ಬಿ ಎತ್ತಿ ಮೇಲಿನ ಅಟ್ಟಕ್ಕೆ ಏರಿಸಿದಳು. ಗಿರಾಕಿಗಳ ಮೇಜಿನ ಡಬ್ಬಿಗಳು ಇದ್ದಲ್ಲೇ ಇದ್ದವು, ಅದನ್ನು ತೆಗೆದರೆ ದಾಮ್ಯಾಂಗ್‌ನಲ್ಲಿ ದಂಗೆಯೇ ಆಗುತ್ತಿತ್ತು.

ಬುಧವಾರ ಬಂತು. ಸೊರಾ ಬೆರಳು ಚುಚ್ಚಿದಳು, ಮೂವರೂ ಯಂತ್ರದ ಮೇಲೆ ಬಾಗಿದರು. ಇನ್ನೂರ ಮೂರು!

"ಇಳೀತಲ್ಲೇ! ನಲವತ್ತೈದು ಇಳೀತು!" ಪನ್‌ಸೊಕ್ ಕುರ್ಚಿಯಿಂದಲೇ ಎದ್ದುಬಿಟ್ಟ.

ಓಕ್‌ನಿಮ್ ಯಂತ್ರದಿಂದ ಕಣ್ಣು ತೆಗೆಯಲಿಲ್ಲ. "ಮೂರು ಜಾಸ್ತಿ ಇದೆ."

"ಅಮ್ಮಾ, ಒಂದೇ ವಾರಕ್ಕೆ ಇಷ್ಟು..."

"ಆ ಮೂರು ಎಲ್ಲಿಂದ ಬಂತು? ರೀ, ಇಲ್ಲಿ ನೋಡಿ. ನನ್ನ ಮುಖ ನೋಡಿ."

ಪನ್‌ಸೊಕ್ ಎಡಗಣ್ಣಿನಿಂದ ಗೋಡೆಯ ಮೇಲಿನ ಪಟ ನೋಡಿದ. "ಮೊನ್ನೆ ಒಂದು... ಚಮಚ ನೆಕ್ಕಿದೆ."

"ಯಾವ ಚಮಚ?"

"ಗಿರಾಕಿ ಬಿಟ್ಟುಹೋದದ್ದು."

ಸೊರಾ ಬಾಯಿಗೆ ಕೈ ಅಡ್ಡ ಹಿಡಿದಳು. "ಮುಂದಿನ ಬುಧವಾರ ಬನ್ನಿ ಅಪ್ಪಾ. ಇನ್ನೂರರ ಒಳಗೆ ಬಂದ್ರೆ ಗ್ವಾಂಗ್ಜುವಿನ ಡಾಕ್ಟರಿಗೆ ಫೋನು ನಾನೇ ಮಾಡ್ತೀನಿ."

"ಬರ್ತೀವಿ," ಎಂದು ಓಕ್‌ನಿಮ್ ಗಂಡನ ತೋಳು ಹಿಡಿದು ಹೊರಡಿಸಿದಳು. ಬಾಗಿಲಲ್ಲಿ ತಿರುಗಿ ನಿಂತಳು. "ಅದಕ್ಕೆ ಮುಂಚೆ ನೀನು ಮಂಗಳವಾರ ಊಟಕ್ಕೆ ಅಂಗಡಿಗೆ ಬಾ. ನಾನು ಒಲೆ ಮುಂದೆ ಇರೋವಾಗ ಇವರ ಕೈ ಮೇಲೆ ಕಣ್ಣಿಡೋಕೆ ಒಬ್ರು ಬೇಕು."

"ಉಪ್ಪು ಇರತ್ತಾ ಅಮ್ಮಾ?"

"ಇಟ್ಟಿರ್ತೀನಿ, ಬಾ."