ಟೊಮೇಟೊ ವಿಂಗಡಿಸಿದ ದಿನ

ಚಿಕ್ಕತಾಯಿ, ನಿನ್ನ ಮಗಳ ಕಣ್ಣು ಹೋದದ್ದು ನಿನ್ನ ಏಟಿನಿಂದಲ್ಲ — ನನ್ನಿಂದ. ಆರು ವರ್ಷದಿಂದ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಪವಿತ್ರಳಿಗೆ ಆಗ ಎಂಟು ವರ್ಷ. ಮಾಮೂಲು ಮಾತ್ರೆಗೆ ಬಗ್ಗದ ಟಿ.ಬಿ. ಇರುವ ಮಕ್ಕಳಿಗೆ ಹೊಸ ಮಾತ್ರೆ ಒಗ್ಗುತ್ತದೆಯೇ ಎಂದು ದೊಡ್ಡ ಆಸ್ಪತ್ರೆಯವರು ಪರೀಕ್ಷೆ ಮಾಡುತ್ತಿದ್ದರು. ವಾರಕ್ಕೊಮ್ಮೆ ಪಣಕಹಳ್ಳಿಯಿಂದ ಬಸ್ಸಿನಲ್ಲಿ ನಿಮ್ಮೂರು ತಿಗನಾರೆಗೆ ಬಂದು, ಅವಳನ್ನು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಈ ಮಾತ್ರೆ ಕೆಲವರ ಕಣ್ಣಿಗೆ ಹೊಡೆಯಬಹುದು, ಕೆಂಪು ಹಸಿರು ಬಣ್ಣದ ಗುರುತು ತಪ್ಪಿದರೆ ಅಂದೇ ಫೋನ್ ಮಾಡಿ, ಮಾತ್ರೆ ನಿಲ್ಲಿಸಿದರೆ ಕಣ್ಣು ಉಳಿಯುತ್ತದೆ ಎಂದು ಡಾಕ್ಟರು ನಮಗೆ ಹೇಳಿಕೊಟ್ಟಿದ್ದರು. ನಿನಗೂ ಅದನ್ನು ತಿಳಿಸಬೇಕಿತ್ತು. ತಿಳಿಸಿದರೆ ಹೆದರಿ ಮಾತ್ರೆ ಬಿಡಿಸಿಬಿಡುತ್ತೀಯೆಂದು — ನುಂಗಿಕೊಂಡೆ.

ಆ ದಿನ ನೀನು ಕೂಲಿಗೆ ಹೋದ ಹೊಲದಲ್ಲಿ ಟೊಮೇಟೊ ವಿಂಗಡಿಸುತ್ತಿದ್ದೆ. ರಜೆಯೆಂದು ಅವಳೂ ಜೊತೆಗಿದ್ದಳು. ಅವಳನ್ನು ನೋಡಲು ನಾನೂ ಅಲ್ಲಿಗೇ ಬಂದಿದ್ದೆ. ಹಣ್ಣು ಒಂದು ಕ್ರೇಟಿಗೆ, ಕಾಯಿ ಇನ್ನೊಂದಕ್ಕೆ. ಅವಳು ಎರಡನ್ನೂ ಬೆರೆಸಿಬಿಟ್ಟಳು. ಹೊಲದ ಯಜಮಾನ ಎಲ್ಲರೆದುರು ನಿನ್ನನ್ನು ಬೈದ.

“ಕಣ್ಣ ಎಲ್ಲಿ ಮಡಗಿದ್ದೀಯ? ಕಾಯಿ ಯಾವ್ದು ಅಣ್ಣು ಯಾವ್ದು ಕಾಣದಿಲ್ವಾ?” ಎಂದು ನೀನು ಅವಳ ಕೆನ್ನೆಗೆ ಬಾರಿಸಿದೆ.

“ಎಲ್ಲಾ ಒಂದೇ ತರ ಅವೆ ಕಣವ್ವ,” ಎಂದಳು ಮಗು.

ಆ ಗಳಿಗೆಯಲ್ಲೇ ನನಗೆ ಅರ್ಥವಾಗಿತ್ತು — ಆಗಿರಲಿಲ್ಲ ಎಂದು ಇನ್ನು ಹೇಳಲಾರೆ. ಆದರೂ ಪುಸ್ತಕ ತೆಗೆದು, ಕಣ್ಣಿನ ಸಾಲಿನಲ್ಲಿ ‘ತೊಂದರೆ ಇಲ್ಲ’ ಎಂದು ಬರೆದೆ. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ. ಕೆಮ್ಮು ನಿಂತಿದೆ, ಮೈ ತುಂಬಿಕೊಂಡಿದ್ದಾಳೆ, ಮಾತ್ರೆ ಮುಗಿಯಲು ಇನ್ನೆರಡೇ ತಿಂಗಳು — ಎಲ್ಲ ನೆಪ. ನನ್ನ ಕೈಕೆಳಗಿನ ಒಂದು ಮಗುವೂ ನಡುವೆ ಬಿಟ್ಟಿಲ್ಲವೆಂದು ಮೀಟಿಂಗಿನಲ್ಲಿ ಹೊಗಳಿದ್ದರು. ಆ ಹೊಗಳಿಕೆಯ ಆಸೆಗೆ ಬಿದ್ದಿದ್ದೆ, ನಾಚಿಕೆಗೆಟ್ಟವಳು. ಉಗುರಲ್ಲಿ ಹೋಗುವುದನ್ನು ಕೊಡಲಿಯವರೆಗೆ ಬಿಟ್ಟೆ.

ತಿಂಗಳಾದ ಮೇಲೆ ಅವಳು ಹೊಸಿಲು ಕಾಣದೆ ಎಡವಿ ಬಿದ್ದಾಗ ಆಸ್ಪತ್ರೆಗೆ ಓಡಿದೆವು. ಡಾಕ್ಟರು ನನ್ನ ಪುಸ್ತಕ ನೋಡಿದರು. ಮೊದಲು ಏನೂ ಇರಲಿಲ್ಲವಲ್ಲ, ರೋಗವೇ ಕಣ್ಣಿನ ನರಕ್ಕೆ ಇಳಿದಿರಬೇಕು ಎಂದರು. ನೀನು ಅದನ್ನು ನಂಬಲಿಲ್ಲ. ವಾಪಸು ಬರುವಾಗ, ಬಸ್ಸು ದಿಂಬಂ ಘಾಟಿಯ ತಿರುವುಗಳನ್ನು ಹತ್ತುತ್ತಿದ್ದಂತೆ, ನೀನು “ನಾನೇ ಒಡ್ದು ಮಗಿನ ಕಣ್ಣ ಕಳ್ದುಬುಟ್ಟೆ ಕಣಕ್ಕ,” ಎಂದೆ. ನನ್ನ ಒಂದು ಮಾತು ಸಾಕಿತ್ತು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ನನ್ನ ಪುಸ್ತಕದ ಪ್ರಕಾರ ಆ ಮಾತ್ರೆ ಅವಳ ಕಣ್ಣಿಗೆ ಏನೂ ಮಾಡಿಲ್ಲ. ಅದನ್ನು ನಂಬಿಕೊಂಡು ಇನ್ನೆಷ್ಟು ಮಕ್ಕಳಿಗೆ — ಲೆಕ್ಕ ಹಾಕಲು ಧೈರ್ಯ ಸಾಲದು.

ಹೊಡೆದ ಕೈಯಲ್ಲಿ ಮಗಳ ತಲೆ ಮುಟ್ಟಲಾರೆನೆಂದು ನೀನು ಇಂದಿಗೂ ಪಕ್ಕದ ಮನೆಯವಳಿಂದ ಅವಳ ತಲೆ ಬಾಚಿಸುತ್ತೀಯ. ಅದನ್ನು ಕಣ್ಣಾರೆ ಕಂಡೂ, ನೀನು ಕೊಟ್ಟ ಕಾಫಿ ಕುಡಿದು ಎದ್ದು ಬಂದಿದ್ದೇನೆ.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ಹೇಳಿ, ಅಲ್ಲಿಂದಲೇ ಆಸ್ಪತ್ರೆಗೆ ಹೋಗಿ ಬರೆದುಕೊಡುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಬೈ, ಊರವರನ್ನು ಸೇರಿಸು, ಏನು ಬೇಕಾದರೂ ಮಾಡು. ಅವಳ ಜಡೆ ಮಾತ್ರ ನೀನೇ ಹಾಕು.